ಆಟ ನೋಡಿ, ಆಮೇಲೆ ಕಳಿಸಿ

ಅಂದು ಸಂಜೆ ಸೀಟಿ ಮನೆಯ ಮೆಟ್ಟಿಲು ಹತ್ತುತ್ತಿರುವಾಗಲೇ ಅಡುಗೆಮನೆಯ ಪಾತ್ರೆಗಳು ಜಗಳಕ್ಕೆ ನಿಂತಿರುವುದು ಕೇಳಿಸಿತು. ಅಕ್ಕನಿಗೆ ಸಿಟ್ಟು ಬಂದರೆ ಮೊದಲು ಮಾತಾಡುವುದು ಅವಳ ಬಾಯಲ್ಲ, ಬೋಗುಣಿ. ಅವನು ಬೂಟು ಬಿಚ್ಚಿ, ಕೈ ತೊಳೆದು, ಏನೂ ಅರಿಯದವನ ಹಾಗೆ ಮೇಜಿನ ಮುಂದೆ ಕೂತ. ಭಾವ ಆಗಲೇ ಕೂತಿದ್ದರು; ಹುಬ್ಬಿನಲ್ಲೇ 'ಹುಷಾರು' ಎಂದರು.

ತಟ್ಟೆ ಬಂತು. ಬಂತು ಅನ್ನುವುದಕ್ಕಿಂತ ಬಿತ್ತು.

"ತಿನ್ನು," ಎಂದಳು ಅಕ್ಕ. "ಮನೆ ಮಗೂನ ಮನೆಗೆ ಕಳಿಸಿ ಬಂದಿದ್ದೀಯ. ಸುಸ್ತಾಗಿರತ್ತೆ."

"ನಾನು ಕಳಿಸಲಿಲ್ಲ ಅಕ್ಕ. ನಾನು ಓಟ ಅಳೆದೆ, ಅಷ್ಟೇ."

"ಅಳೆದ್ಯಾ! ದರ್ಜಿ ಅಳೆದ್ರೆ ಅಂಗಿಯಾದ್ರೂ ಸಿಗತ್ತೆ. ನೀನು ಅಳೆದಿದ್ದಕ್ಕೆ ಅವಳಿಗೇನು ಸಿಕ್ತು?"

ಸೀಟಿ ಎಂಬುದು ಅವನ ಹೆಸರಲ್ಲ. ಚಿಕ್ಕಂದಿನಲ್ಲಿ ಎರಡು ಬೆರಳು ಬಾಯಿಗಿಟ್ಟು ಬೀದಿಯ ಆ ತುದಿಗೆ ಕೇಳುವಂತೆ ಸೀಟಿ ಹೊಡೆಯುತ್ತಿದ್ದ, ಹೆಸರು ಅಂಟಿಕೊಂಡಿತು. ಬೆಳೆದ ಮೇಲೆ ಅದೇ ಹೊಟ್ಟೆಪಾಡೂ ಆಯಿತು. ಊರಿನ ಫುಟ್‌ಬಾಲ್ ಅಕಾಡೆಮಿಯಲ್ಲಿ ಮಕ್ಕಳ ಮೈ ಪಳಗಿಸುವ ಕೋಚ್ ಅವನು. ಮದುವೆಯಿಲ್ಲ, ಅಕ್ಕನ ಮನೆಯ ಮಹಡಿ ಕೋಣೆಯಲ್ಲಿ ವಾಸ. ಅಕ್ಕ ಬ್ರೆಡ್ಡಿನ ಕಾರ್ಖಾನೆಯಲ್ಲಿ ಹಿಟ್ಟು ಕಲಸುವ ವಿಭಾಗದವಳು, ಭಾವ ಲಿಫ್ಟ್ ರಿಪೇರಿಯವರು. ಇವರಿಬ್ಬರ ಒಬ್ಬಳೇ ಮಗಳು ಹದಿಮೂರು ವರ್ಷದ ಸಾಸಿವೆ. ಹುಟ್ಟಿದಾಗ ಅಷ್ಟು ಚಿಕ್ಕದಾಗಿದ್ದಳು, ಈಗಲೂ ಚಿಕ್ಕದಾಗಿದ್ದಳು, ಕಾದ ಎಣ್ಣೆಗೆ ಬಿದ್ದಂತೆ ಚಟಪಟ ಅನ್ನುವುದನ್ನಂತೂ ನಿಲ್ಲಿಸಿರಲಿಲ್ಲ. ಇನ್ನುಳಿದವಳು ಅಕ್ಕ ತಮ್ಮಂದಿರ ತಾಯಿ. ಸಾಸಿವೆ ಹುಟ್ಟಿದ ಮೇಲೆ ಮಗಳು, ಮಗ, ಅಳಿಯ ಎಲ್ಲರ ಬಾಯಲ್ಲೂ ಅವಳು ಅಜ್ಜಿಯೇ ಆಗಿಹೋಗಿದ್ದಳು.

ಅಕಾಡೆಮಿಯಲ್ಲಿ ಆಗಾಗ ಮಕ್ಕಳ ಪರೀಕ್ಷೆ ನಡೆಯುತ್ತಿತ್ತು. ಒಂದು ಚಿಕ್ಕ ವೇಗದ ಓಟ, ನಿಂತಲ್ಲಿಂದ ಮೇಲಕ್ಕೊಂದು ನೆಗೆತ, ಕೊನೆಗೆ ಬೀಪ್ ಓಟ. ಎರಡು ಗೆರೆಗಳ ನಡುವೆ ಯಂತ್ರ 'ಬೀಪ್' ಎಂದ ಹಾಗೆಲ್ಲ ಹೋಗಿ ಬರಬೇಕು; ಯಂತ್ರಕ್ಕೆ ಬರಬರುತ್ತ ಅವಸರ ಹೆಚ್ಚಾಗುತ್ತದೆ; ಅದು ಕೂಗುವ ಮೊದಲು ಗೆರೆ ಮುಟ್ಟದವರು ಅಲ್ಲಿಗೆ ನಿಲ್ಲಬೇಕು. ಯಾರಿಗೆ ಯಾವ ಕಸರತ್ತು ಬೇಕು ಎಂದು ತಿಳಿಯಲೆಂದು ಶುರುವಾದದ್ದು ಇದು. ಆದರೆ ಹಿಂದಿನ ವರ್ಷದಿಂದ ಅಕಾಡೆಮಿಯ ಮುಖ್ಯಸ್ಥರಾದ ದೊಡ್ಡ ಕೋಚ್ ಇಷ್ಟು ಅಂಕ ಬರಲೇಬೇಕು ಎಂದು ಒಂದು ಮಿತಿ ಹಾಕಿದ್ದರು. ಅದರ ಕೆಳಗಿದ್ದವರು ಚೆಂಡು ಮುಟ್ಟುವ ಮೊದಲೇ ಮನೆಗೆ; ಮೇಲಿದ್ದವರಲ್ಲೂ ಸೀಟು ಇರುವಷ್ಟೇ ಮಂದಿ ಒಳಗೆ. ಮರುಪರೀಕ್ಷೆಗೆ ಒಂದು ಅವಕಾಶ. ಅದರಲ್ಲೂ ಆಗದಿದ್ದರೆ ಹೆಸರು ಪೂರ್ತಿ ತೆಗೆಯುತ್ತಿದ್ದರು. ಅಂದು ಬೆಳಿಗ್ಗೆ ಸಾಸಿವೆ ವೇಗದ ಓಟದಲ್ಲೂ ನೆಗೆತದಲ್ಲೂ ಹಿಂದೆ ಬಿದ್ದು, ಒಟ್ಟು ಅಂಕದಲ್ಲಿ ಮಿತಿಯ ಕೆಳಗೆ ಉಳಿದಿದ್ದಳು. ಸ್ಟಾಪ್‌ವಾಚ್ ಇದ್ದದ್ದು ಅವಳ ಮಾವನ ಕೈಯಲ್ಲೇ.

"ಒಂದು ಅಂಕಿ ಕಣೋ," ಅಕ್ಕನ ದನಿ ಒಮ್ಮೆಲೇ ಇಳಿಯಿತು. "ಮೂರನ್ನ ಎಂಟು ಮಾಡೋಕೆ ಎಷ್ಟು ಹೊತ್ತು ಬೇಕು? ಯಾರಿಗೆ ಗೊತ್ತಾಗ್ತಿತ್ತು?"

"ನನಗೆ ಗೊತ್ತಾಗ್ತಿತ್ತಲ್ಲ."

"ಓಹೋ! ನೋಡಮ್ಮ, ನಿನ್ನ ಹೊಟ್ಟೇಲಿ ಧರ್ಮರಾಯ ಹುಟ್ಟಿದ್ದಾನೆ."

ಅಜ್ಜಿ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ನನ್ನ ಹೊಟ್ಟೇಲಿ ನೀನೂ ಹುಟ್ಟಿದ್ದೀಯ. ಲೆಕ್ಕ ಸರಿಯಾಗಿದೆ. ಬ್ರೆಡ್ಡು ಈಚೆ ಕೊಡು."

ಸಾಸಿವೆ ಬಾಗಿಲಿಗೆ ಆತು ನಿಂತಿದ್ದು ಆಗಲೇ ಎಲ್ಲರ ಕಣ್ಣಿಗೆ ಬಿದ್ದದ್ದು. ಕಣ್ಣು ಕೆಂಪಾಗಿದ್ದವು, ಆದರೆ ಒಣಗಿದ್ದವು.

"ಅಮ್ಮ, ನನಗೆ ಕದ್ದ ಅಂಕಿ ಬೇಡ. ಮಾವ, ನಿನ್ನ ಹತ್ರಾನೂ ಒಂದು ಕೇಳ್ಬೇಕು. ನಾನು ಇವತ್ತು ಚೆಂಡು ಮುಟ್ಟಿದ್ನಾ?"

"ಇಲ್ಲ."

"ನನ್ನನ್ನ ತೆಗೆದಿದ್ದು ಫುಟ್‌ಬಾಲ್ ತಂಡದಿಂದ ತಾನೆ?"

ಸೀಟಿ ಬಾಯಲ್ಲಿದ್ದ ತುತ್ತನ್ನು ಬಹಳ ಹೊತ್ತು ಅಗಿದ.

ಮರುದಿನದಿಂದ ಆ ಮನೆಯಲ್ಲಿ ಎರಡು ಕೆಲಸ ಶುರುವಾದವು. ಒಂದು, ಅಕ್ಕ ತಮ್ಮನ ಜೊತೆ ಮಾತು ಬಿಟ್ಟಳು. ಇನ್ನೊಂದು, ಮಗಳನ್ನು ಬೆಳೆಸಲು ಹೊರಟಳು.

ಮಾತು ಬಿಟ್ಟದ್ದೆಂದರೆ ಸುಮ್ಮನಾದಳು ಅಂತಲ್ಲ. ಹೇಳಬೇಕಾದ್ದನ್ನೆಲ್ಲ ಬೇರೆಯವರ ಮೂಲಕ ಹೇಳುತ್ತಿದ್ದಳು. "ಸಾಸಿವೆ, ನಿಮ್ಮ ಮಾವನಿಗೆ ಹೇಳು, ಉಪ್ಪು ಅವನ ಕೈಗೇ ಎಟುಕತ್ತೆ." "ರೀ, ನಿಮ್ಮ ಭಾಮೈದನಿಗೆ ಹೇಳಿ, ಬಚ್ಚಲುಮನೆ ಒರೆಸೋ ಸರದಿ ಅವನದು." ಭಾವ ನಾಲ್ಕು ದಿನ ಸಹಿಸಿದರು. ಐದನೆಯ ದಿನ ಚಮಚ ಕೆಳಗಿಟ್ಟರು. "ದಿನಾ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡೋರನ್ನ ಬಿಡಿಸಿ ಮನೆಗೆ ಬರ್ತೀನಿ. ಇಲ್ಲಿ ನೋಡಿದ್ರೆ ಎರಡು ಮಹಡಿ ಮಧ್ಯೆ ನಾನೇ ಸಿಕ್ಕಿಹಾಕ್ಕೊಂಡಿದ್ದೀನಿ. ನನ್ನನ್ನ ಯಾರು ಬಿಡಿಸ್ತೀರಿ?"

"ಅವರಿಗೆ ತಮಾಷೆ," ಎಂದು ಅಕ್ಕ ಕಿಟಕಿಗೆ ಹೇಳಿದಳು.

ಬೆಳೆಸುವ ಕೆಲಸ ಇದಕ್ಕಿಂತ ಗಡಿಬಿಡಿಯದು. ಬೆಳಿಗ್ಗೆ ಎರಡು ಮೊಟ್ಟೆ, ದೊಡ್ಡ ಲೋಟದಲ್ಲಿ ಹಾಲು, ಮಧ್ಯಾಹ್ನ ಕಾರ್ಖಾನೆಯಿಂದ ತಂದ ಬ್ರೆಡ್ಡು, ಸಂಜೆ ಮತ್ತೆ ಮೊಟ್ಟೆ. ಬಾಗಿಲ ಚೌಕಟ್ಟಿಗೆ ಭಾವನ ಕೈಯಿಂದಲೇ ಒಂದು ಕಬ್ಬಿಣದ ಸರಳು ಹಾಕಿಸಿ, "ನೇತಾಡು, ಉದ್ದ ಆಗ್ತೀಯ" ಎಂದಳು. ಸಾಸಿವೆ ಬಾವಲಿಯಂತೆ ನೇತಾಡಿದಳು. ಮೊಟ್ಟೆಯೊಂದನ್ನು ಮಾತ್ರ ದಿನವೂ ಮೆಲ್ಲಗೆ ಅಜ್ಜಿಯ ತಟ್ಟೆಗೆ ದಾಟಿಸುತ್ತಿದ್ದಳು.

"ಹೀಗೇ ಕೊಡ್ತಾ ಇರು," ಎಂದಳು ಅಜ್ಜಿ ಗುಟ್ಟಾಗಿ. "ಮರುಪರೀಕ್ಷೆಗೆ ನಾನೇ ಓಡ್ತೀನಿ."

ಇದೆಲ್ಲ ನಗುವ ಸಂಗತಿ. ನಗಲಾಗದ್ದೆಂದರೆ ಮೆಟ್ಟಿಲು. ನಾಲ್ಕು ಮಹಡಿಯ ಕಟ್ಟಡ ಅವರದು. ಸಾಸಿವೆ ಶಾಲೆಗೆ ಹೋಗುವ ಮೊದಲು, ಬಂದ ಮೇಲೆ, ಊಟಕ್ಕೆ ಕರೆಯುವ ತನಕ, ಆ ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಿದ್ದಳು. ಕೆಳಗಿನ ಮನೆಯವರು ಬಾಗಿಲು ತೆರೆದು ಬೈದರು; ಅವಳು ಕ್ಷಮಿಸಿ ಎಂದು ಮೇಲಕ್ಕೋಡಿದಳು. ಸೀಟಿ ಎರಡು ಸಲ ಹೇಳಿದ, "ಅತಿ ಮಾಡಬೇಡ." ಅವಳು ಕೇಳಿಸಿಕೊಳ್ಳಲಿಲ್ಲ. ಮೂರನೆಯ ಸಲ ಹೇಳಲು ಅವನಿಗೇ ಬಾಯಿ ಬರಲಿಲ್ಲ. ಅಳೆದವನು ತಾನು, ಯಾವ ಮುಖದಲ್ಲಿ ಬೇಡ ಅನ್ನುವುದು?

ಒಂದು ರಜದ ಬೆಳಿಗ್ಗೆ ಅವನು ಮೆಟ್ಟಿಲು ಒರೆಸುತ್ತಿದ್ದ. ಮೇಲಿಂದ ಸಾಸಿವೆ ಇಳಿದು ಬರುವ ಸದ್ದು ಕೇಳಿತು. ಆ ಸದ್ದಿನಲ್ಲಿ ಏನೋ ಸರಿಯಿರಲಿಲ್ಲ. ತಲೆಯೆತ್ತಿ ನೋಡಿದರೆ ಹುಡುಗಿ ಗೋಡೆ ಹಿಡಿದು, ಅಡ್ಡಡ್ಡ ತಿರುಗಿ, ಕಾಲ ತುದಿಯಲ್ಲಿ ಇಳಿಯುತ್ತಿದ್ದಳು.

"ಕೂತ್ಕೋ."

"ಏನಾಗಿಲ್ಲ."

"ಕೂತ್ಕೋ ಅಂದೆ."

ಅವನು ಕೈ ಒರೆಸಿಕೊಂಡು ಅವಳ ಹಿಮ್ಮಡಿಯನ್ನು ಎರಡೂ ಕಡೆಯಿಂದ ಮೆಲ್ಲಗೆ ಒತ್ತಿದ. ಸಾಸಿವೆ ಹಲ್ಲು ಕಚ್ಚಿದಳು. ಆದರೂ ಕಣ್ಣಲ್ಲಿ ನೀರು ಬಂತು. ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದ ಅವನು. ಮೂಳೆ ಇನ್ನೂ ಹಸಿ. ಹಿಂದಿನಿಂದ ಸ್ನಾಯು ಎಳೆಯುತ್ತದೆ. ವಿಶ್ರಾಂತಿ ಕೊಟ್ಟರೆ ತಾನೇ ಮಾಯುತ್ತದೆ, ಕೊಡದಿದ್ದರೆ ತಿಂಗಳುಗಟ್ಟಲೆ ಕಾಡುತ್ತದೆ.

"ಇವತ್ತಿನಿಂದ ಓಡೋ ಹಾಗಿಲ್ಲ. ಡಾಕ್ಟರ ಹತ್ರ ಹೋಗೋಣ, ಅವರೂ ಇದನ್ನೇ ಹೇಳ್ತಾರೆ."

"ಓಡದೆ ಮರುಪರೀಕ್ಷೆ ಹೇಗೆ ದಾಟ್ಲಿ?"

"ನೋಡು ಪುಟ್ಟಿ. ನಿಮ್ಮ ತಂಡದಲ್ಲಿ ನೀವು ಉದ್ದಕ್ಕ ಅಂತ ಕರೆಯೋ ಹುಡುಗಿ ಇದ್ದಾಳಲ್ಲ, ಅವಳಿಗೂ ನಿನಗೂ ಒಂದೇ ವಯಸ್ಸು. ಆದ್ರೆ ಅವಳ ಮೈ ಮೊದಲೇ ಬೆಳೆದುಬಿಡ್ತು, ನಿಂದು ಈಗ ಶುರುವಾಗ್ತಿದೆ. ಅವಳು ಮುಂದೆ ಬರೋದರಲ್ಲಿ ಅವಳ ದೊಡ್ಡಸ್ತಿಕೆ ಇಲ್ಲ, ನೀನು ಹಿಂದೆ ಬೀಳೋದರಲ್ಲಿ ನಿನ್ನ ತಪ್ಪಿಲ್ಲ. ಇನ್ನೆರಡು ವರ್ಷ ಹೋಗ್ಲಿ, ಈ ಅಂಕಿಗಳೆಲ್ಲ ತಲೆಕೆಳಗಾಗಬಹುದು."

ಸಾಸಿವೆ ಕಾಲನ್ನು ಹಿಂದಕ್ಕೆಳೆದುಕೊಂಡಳು. "ಇದು ನಿನಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ದೊಡ್ಡ ಕೋಚ್‌ಗೆ ಹೇಳಿದ್ಯಾ?"

ಅವನು ಬಕೆಟ್ಟಿನ ನೀರು ನೋಡಿದ.

"ಹೋದ ಸಲ ಪೋಸ್ಟ್‌ಮ್ಯಾನ್ ಮಗಳನ್ನ ಕಳಿಸಿದ್ರಲ್ಲ, ಆಗ ಹೇಳಿದ್ಯಾ? ಆ ಎಡಗಾಲಿ ಹುಡುಗೀನ ಕಳಿಸಿದಾಗ? ನಾನು ನಿನ್ನ ಅಕ್ಕನ ಮಗಳು, ಅದಕ್ಕೆ ಇವತ್ತು ನನಗಾದ್ರೂ ಹೇಳಿದೆ. ಅವರಿಗೆ ಯಾರು ಹೇಳಿದ್ರು, ಅವರ ತಪ್ಪಿಲ್ಲ ಅಂತ?"

ಅವಳು ಗೋಡೆ ಹಿಡಿದು ಮೇಲಕ್ಕೆ ಹೋದಳು. ಸೀಟಿ ಒರೆಸಿದ ಮೆಟ್ಟಿಲನ್ನೇ ಮತ್ತೆ ಒರೆಸಿದ. ಅವನಿಗೆ ಸಿಟ್ಟು ಬಂದಿತ್ತು. ಹುಡುಗಿಯ ಮೇಲೆ ಅಲ್ಲ ಎಂಬುದು ಮೂರನೆಯ ಸಲ ಒರೆಸುವಾಗ ತಿಳಿಯಿತು.

ಸೋಮವಾರ ಅವನು ದೊಡ್ಡ ಕೋಚ್ ಕೋಣೆಗೆ ಹೋದ. ಗೋಡೆ ತುಂಬ ತಂಡಗಳ ಫೋಟೋಗಳು, ಮೇಜಿನ ಮೇಲೆ ಆರಿದ ಚಹಾ. ದೊಡ್ಡ ಕೋಚ್ ಕೆಟ್ಟವರಲ್ಲ. ಒಂದು ಕಾಲದಲ್ಲಿ ಒಳ್ಳೆಯ ಆಟಗಾರ. ಮೊಣಕಾಲು ಕೆಟ್ಟು ಮೈದಾನ ಬಿಟ್ಟವರು.

"ಸರ್, ಈ ಪರೀಕ್ಷೆ ಮಕ್ಕಳನ್ನ ತೆಗೆಯೋಕೆ ಇರೋದಲ್ಲ. ಯಾರಿಗೆ ಏನು ಕಲಿಸಬೇಕು ಅಂತ ತಿಳಿಯೋಕೆ ಇರೋದು. ಈ ವಯಸ್ಸಲ್ಲಿ ಮೈ ಬೆಳೆದೋರು ಗೆಲ್ತಾರೆ, ಆಟ ಬಂದೋರಲ್ಲ. ಮಿತಿ ತೆಗೆದುಬಿಡಿ."

"ಹ್ಞೂ. ಈ ಮಾತು ನಿನಗೆ ಯಾವಾಗ ಹೊಳೀತು? ನಿನ್ನ ಅಕ್ಕನ ಮಗಳು ಹೊರಗೆ ಬಿದ್ದ ಮೇಲಾ?"

ಸೀಟಿಯ ಕಿವಿ ಬಿಸಿಯಾಯಿತು. "ಮೊದಲೇ ಹೊಳೆದಿತ್ತು ಸರ್. ಹೇಳೋ ಧೈರ್ಯ ಇರ್ಲಿಲ್ಲ. ಅವಳಿಂದ ಬಂತು ಅಂತಾನೇ ಇಟ್ಕೊಳ್ಳಿ. ಅದರಿಂದ ಮಾತು ಸುಳ್ಳಾಗಲ್ಲ."

ದೊಡ್ಡ ಕೋಚ್ ಕುರ್ಚಿಗೆ ಒರಗಿದರು. "ಕೂತ್ಕೋ. ನಾನೊಂದು ಹೇಳ್ತೀನಿ. ಈ ಮಿತಿ ಬರೋಕ್ಕೆ ಮೊದಲು ಆಯ್ಕೆ ದಿನ ಬಂದ್ರೆ ನನ್ನ ಫೋನು ಸುಮ್ಮನಿರ್ತಿರಲಿಲ್ಲ. ಈ ಅಧಿಕಾರಿ ಮಗಳು, ಆ ಡಾಕ್ಟರ ಮೊಮ್ಮಗಳು, ನೋಡ್ಕೊಳ್ಳಿ, ನಮ್ಮೋಳೇ. ಮೈದಾನ ಇರೋದು ಒಂದು, ಬರೋ ಮಕ್ಕಳು ಇನ್ನೂರು. ಸ್ಟಾಪ್‌ವಾಚ್ ಇಟ್ಟೆ, ಫೋನು ನಿಂತುಹೋಯ್ತು. ಅಂಕಿ ಯಾರ ಮಗಳೂ ಅಲ್ಲ ಕಣಯ್ಯ. ಅದನ್ನ ತೆಗೆದ್ರೆ ಮತ್ತೆ ಯಾರು ಒಳಗೆ ಬರ್ತಾರೆ ಗೊತ್ತಾ? ಪೋಸ್ಟ್‌ಮ್ಯಾನ್ ಮಗಳಂತೂ ಅಲ್ಲ."

ಇದು ಸುಳ್ಳಾಗಿರಲಿಲ್ಲ. ಅದಕ್ಕೇ ಸೀಟಿಗೆ ಇನ್ನೂ ಕಷ್ಟವಾಯಿತು. "ಅಂಕಿ ಇರ್ಲಿ ಸರ್. ಆದ್ರೆ ಆಟಾನೂ ನೋಡಿ. ಹತ್ತು ನಿಮಿಷ. ಎಲ್ಲರದ್ದೂ."

"ಇನ್ನೂರು ಮಕ್ಕಳದ್ದಾ? ಯಾರಿಗಿದೆ ಪುರುಸೊತ್ತು? ಹೋಗು. ಮರುಪರೀಕ್ಷೆಗೆ ಗೆರೆ ಹಾಕಿಸು. ಆ ತಿಂಗಳೇ ನಿನ್ನ ಕರಾರೂ ಮುಗಿಯತ್ತೆ ಅನ್ನೋದು ನೆನಪಿರ್ಲಿ."

ಮನೆಯಲ್ಲಿ ಈ ಸುದ್ದಿ ಹೇಳಿದ ಮೇಲೆ ಅಕ್ಕ ಮಾತು ಬಿಟ್ಟದ್ದನ್ನು ಮರೆತೇಬಿಟ್ಟಳು. ಆಲೂಗೆಡ್ಡೆ ಸುಲಿಯುತ್ತಿದ್ದ ಚಾಕು ಹಿಡಿದೇ ಎದ್ದು ನಿಂತಳು.

"ಬುದ್ಧಿ ಇದೆಯಾ ನಿನಗೆ? ಅವರ ಹತ್ರ ಜಗಳ ಆಡು ಅಂತ ನಿನಗೆ ಹೇಳಿದವರು ಯಾರು?"

"ನೀನೇ ತಾನೆ ಇಷ್ಟು ದಿನ ನನ್ನ ಜೀವ ತಿಂದಿದ್ದು?"

"ನಾನು ಹೇಳಿದ್ದು ಒಂದು ಅಂಕಿ ತಿದ್ದು ಅಂತ. ಕೆಲಸ ಕಳ್ಕೋ ಅಂತಲ್ಲ. ಅಂಕಿ ತಿದ್ದಿದ್ರೆ ಯಾರಿಗೂ ನೋವಿರಲಿಲ್ಲ. ಈಗ ನೋಡು, ಅವಳೂ ಇಲ್ಲ, ನೀನೂ ಇಲ್ಲ."

"ಅಮ್ಮ, ಇನ್ನೊಬ್ಬಳಿಗೆ ನೋವಿರ್ತಿತ್ತು," ಎಂದಳು ಸಾಸಿವೆ. ಅವಳು ಕಾಲನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಕೂತಿದ್ದಳು. "ನಾನು ಒಳಗೆ ಹೋದ್ರೆ ಕೊನೆಯವಳು ಹೊರಗೆ ಬರ್ತಿದ್ದಳು. ಸೀಟು ಅಷ್ಟೇ ಇರೋದು."

"ನೀನು ಸುಮ್ನಿರು. ದೊಡ್ಡೋರು ಮಾತಾಡ್ತಿದ್ದಾರೆ."

"ನನ್ನ ವಿಷಯಾನೇ ಮಾತಾಡ್ತಿದ್ದಾರೆ."

ಭಾವ ಕೆಮ್ಮಿದರು. ಅವರು ಕೆಮ್ಮಿದರೆ ಮನೆಯಲ್ಲಿ ಒಂದು ಮಾತು ಬರಲಿದೆ ಎಂದರ್ಥ. "ನಮ್ಮ ಕಂಪನಿಯಲ್ಲಿ ಒಂದು ನಿಯಮ ಇದೆ. ಲಿಫ್ಟು ಎಷ್ಟು ಭಾರ ಹೊರತ್ತೆ ಅಂತ ಪರೀಕ್ಷೆ ಮಾಡೋದು, ಜನರನ್ನ ಹತ್ತಿಸೋಕೆ. ಹತ್ತೋರನ್ನ ಬೈಯೋಕಲ್ಲ. ಇಷ್ಟೇ ನಂಗೊತ್ತಿರೋದು." ಹಾಗಂದು ಆಲೂಗೆಡ್ಡೆ ಸುಲಿಯುವ ಕೆಲಸವನ್ನು ತಾವೇ ತೆಗೆದುಕೊಂಡರು.

ಅಕ್ಕ ಅಜ್ಜಿಯ ಕಡೆ ತಿರುಗಿದಳು. "ನೀನಾದ್ರೂ ಹೇಳು ನಿನ್ನ ಮಗನಿಗೆ."

"ಹೇಳ್ತೀನಿ," ಎಂದಳು ಅಜ್ಜಿ. "ಲೋ, ಮಾತಾಡಿದ್ದು ಒಳ್ಳೇದಾಯ್ತು. ಆದ್ರೆ ಬಾಗಿಲು ಹಾಕ್ಕೊಂಡು ಒಬ್ಬನ ಮುಂದೆ ಮಾತಾಡಿದ್ರೆ ಅದು ಅಲ್ಲೇ ಸಾಯತ್ತೆ."

ಸಾಸಿವೆ ಬೋಗುಣಿಯಿಂದ ಕಾಲು ತೆಗೆದಳು. ಅಜ್ಜಿಯ ಮುಖವನ್ನೇ ನೋಡಿದಳು. ಮುಂದಿನ ವಾರಗಳಲ್ಲಿ ಅವಳು ಮೆಟ್ಟಿಲು ಓಡಲಿಲ್ಲ. ಡಾಕ್ಟರು ಹೇಳಿದ ಹಾಗೆ ಕಾಲಿಗೆ ವಿಶ್ರಾಂತಿ ಕೊಟ್ಟಳು. ಆದರೆ ಸಂಜೆ ಹೊತ್ತು ಮನೆಯಲ್ಲೂ ಇರುತ್ತಿರಲಿಲ್ಲ. ಎಲ್ಲಿಗೆ ಎಂದು ಕೇಳಿದರೆ "ಗೆಳತಿ ಮನೆಗೆ." ಯಾವ ಗೆಳತಿ ಎಂದರೆ ದಿನಕ್ಕೊಂದು ಬೀದಿಯ ಹೆಸರು. ಅಕ್ಕ ಬೈದಳು, ಸೀಟಿ ತಲೆ ಕೆಡಿಸಿಕೊಳ್ಳಲಿಲ್ಲ. ಹುಡುಗಿ ಆಟ ಮರೆಯುತ್ತಿದ್ದಾಳೆ, ಮರೆಯಲಿ ಎಂದುಕೊಂಡ. ಅದು ಎಷ್ಟು ತಪ್ಪೆಂದು ಮರುಪರೀಕ್ಷೆಯ ದಿನ ಗೊತ್ತಾಯಿತು.

ಅಂದು ಮೈದಾನದ ಬೇಲಿಯುದ್ದಕ್ಕೂ ತಂದೆತಾಯಂದಿರು ನಿಂತಿದ್ದರು. ಅಕ್ಕನೂ ಕಾರ್ಖಾನೆಗೆ ರಜ ಹಾಕಿ, ಅಜ್ಜಿಯನ್ನು ಕರೆದುಕೊಂಡು ಬಂದಿದ್ದಳು. ಸೀಟಿ ಮಕ್ಕಳನ್ನು ಸಾಲಾಗಿ ಓಡಿಸಿದ, ಅಳೆದ, ಹೇಳಿದ. ದೊಡ್ಡ ಕೋಚ್ ಕೇಳಿಸಿಕೊಂಡರು. ಸಾಸಿವೆಯ ಸರದಿ ಬಂತು. ಹಿಮ್ಮಡಿ ನೋವಿರಲಿಲ್ಲ. ಹುಡುಗಿ ಪ್ರಾಮಾಣಿಕವಾಗಿ, ಮುಖ ಕೆಂಪೇರುವಷ್ಟು ಓಡಿದಳು. ಮೊದಲಿಗಿಂತ ಒಂದು ಚೂರು ಮೇಲು. ಮಿತಿಗೆ ಮಾತ್ರ ಎಟುಕಲಿಲ್ಲ. ಸೀಟಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹೇಳುವಾಗ ಬೇಲಿಯ ಕಡೆ ನೋಡಲಿಲ್ಲ.

ದೊಡ್ಡ ಕೋಚ್ ಹೆಸರು ಓದಿದರು. "ಹೆಸರು ಕರೆದವರು ಚೆಂಡಿನ ಅಭ್ಯಾಸಕ್ಕೆ. ಉಳಿದವರು ಮನೆಗೆ ಹೋಗಬಹುದು. ಪ್ರಯತ್ನಿಸಿದ್ದಕ್ಕೆ ಸಂತೋಷ."

ಉಳಿದವರು ಚೀಲ ಎತ್ತಿಕೊಂಡರು. ಸಾಸಿವೆ ಎತ್ತಿಕೊಳ್ಳಲಿಲ್ಲ. ನೆಟ್ಟಗೆ ನಡೆದು ಮೈದಾನದ ನಡುವಿನ ವೃತ್ತದಲ್ಲಿ ನಿಂತಳು. ನಿಂತು, ಬೇಲಿಯ ಆಚೆಗೆ ಕೈ ಬೀಸಿದಳು.

ಸಣ್ಣ ಗೇಟಿನಿಂದ ಮೊದಲು ಪೋಸ್ಟ್‌ಮ್ಯಾನ್ ಮಗಳು ಬಂದಳು. ಹಿಂದೆ ಎಡಗಾಲಿ. ಅವಳ ಹಿಂದೆ ಕನ್ನಡಕಕ್ಕೆ ರಬ್ಬರ್ ಕಟ್ಟಿಕೊಂಡ ಒಬ್ಬಳು, ಆಮೇಲೆ ಇನ್ನೂ ನಾಲ್ವರು. ಒಬ್ಬೊಬ್ಬರದು ಒಂದೊಂದು ಬಣ್ಣದ ಅಂಗಿ. ಕಳೆದ ವರ್ಷದಿಂದ ಕಳಿಸಲಾದ ಈ ಏಳೂ ಮಂದಿ ಸಾಲಾಗಿ ಬಂದು ಸಾಸಿವೆಯ ಪಕ್ಕದಲ್ಲಿ ನಿಂತರು. ದಿನಕ್ಕೊಂದು ಬೀದಿಯ ಗೆಳತಿ ಮನೆ ಯಾವುದೆಂದು ಸೀಟಿಗೆ ಆಗ ಹೊಳೆಯಿತು.

"ಏನಿದು?" ಎಂದರು ದೊಡ್ಡ ಕೋಚ್.

"ಓಟ ಮುಗೀತಲ್ಲ ಸರ್," ಸಾಸಿವೆಯ ದನಿ ಬೇಲಿಯವರೆಗೂ ಕೇಳಿಸಿತು. "ಈಗ ಆಟ. ಆಟ ನೋಡಿ, ಆಮೇಲೆ ಕಳಿಸಿ. ಅದುವರೆಗೆ ನಾವು ಹೋಗಲ್ಲ."

ಬೇಲಿಯ ಬಳಿ ಯಾರೋ ನಕ್ಕರು. ಇನ್ನಾರೋ "ಹೌದಲ್ವಾ, ನೋಡ್ಲಿ" ಎಂದರು. ದೊಡ್ಡ ಕೋಚ್ ಕುತ್ತಿಗೆಯ ನರ ಉಬ್ಬಿತು. ಅವರು ಹುಡುಗಿಯ ಜೊತೆ ವಾದಕ್ಕೆ ಇಳಿಯದೆ ಸೀಟಿಯ ಕಡೆ ತಿರುಗಿದರು. "ಇವರನ್ನ ಆಚೆ ಕಳಿಸು."

ಮಹಡಿ ಕೋಣೆ, ಈ ತಿಂಗಳ ಕರಾರು, ಅಕ್ಕನ ಚಾಕು, ಎಲ್ಲ ಒಟ್ಟಿಗೆ ಸೀಟಿಯ ಕಣ್ಣ ಮುಂದೆ ಬಂದವು. ಎಂಟು ಹುಡುಗಿಯರು ಅವನನ್ನೇ ನೋಡುತ್ತಿದ್ದರು. ಅವರಲ್ಲಿ ಏಳು ಮಂದಿಯನ್ನು ಅವನೇ ಅಳೆದು, ಒಂದೂ ಮಾತಿಲ್ಲದೆ ಕಳಿಸಿದ್ದ. ಅವನು ಕೊರಳಿನ ಸೀಟಿಯನ್ನು ಬಾಯಿಗಿಟ್ಟುಕೊಂಡ. ಆಯ್ಕೆಯಾದ ಮಕ್ಕಳ ಕಡೆಗೆ ಚೆಂಡು ಎಸೆದ.

"ಎಂಟೆಂಟು ಮಂದಿ. ಹತ್ತು ನಿಮಿಷ," ಎಂದ. ಊದಿದ.

ಅದೇನೂ ಪವಾಡದ ಆಟವಾಗಿರಲಿಲ್ಲ. ಶುರುವಿನಲ್ಲೇ ಉದ್ದಕ್ಕ ನಾಲ್ಕು ಹೆಜ್ಜೆಗೆ ಎಲ್ಲರನ್ನೂ ಹಿಂದೆ ಹಾಕಿ ಗೋಲು ಹೊಡೆದಳು. ಬಣ್ಣಬಣ್ಣದ ತಂಡ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡಿತು. ಆಮೇಲೆ ಸಾಸಿವೆ ನಡುವೆ ನಿಂತು ಕೂಗತೊಡಗಿದಳು. "ಎಡಕ್ಕೆ! ಹಿಂದೆ ಇದ್ದಾಳೆ! ಬಿಡು, ಬಿಡು, ನನಗೆ ಕೊಡು!" ಅವಳು ಯಾರನ್ನೂ ಓಡಿ ಸೋಲಿಸಲಿಲ್ಲ. ಉದ್ದಕ್ಕ ಧಾವಿಸಿ ಬರುವಷ್ಟರಲ್ಲಿ ಚೆಂಡು ಸಾಸಿವೆಯ ಕಾಲಲ್ಲಿ ಇರುತ್ತಲೇ ಇರಲಿಲ್ಲ. ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೆ ಆಗಲೇ ಹೋಗಿರುತ್ತಿತ್ತು. ಒಂದು ಸಲ ಹಾಗೆ ಹೋದ ಚೆಂಡು ಎಡಗಾಲಿಯ ಎಡಗಾಲಿಗೇ ಸಿಕ್ಕಿತು. ಗೋಲು.

ಬೇಲಿಯ ಬಳಿ ಅಕ್ಕ ಕಿರುಚಿದ್ದು ಇಡೀ ಮೈದಾನಕ್ಕೆ ಕೇಳಿಸಿತು. ಅಜ್ಜಿ ಅವಳ ಸೆರಗು ಹಿಡಿದು ಜಗ್ಗುತ್ತಿದ್ದಳು.

ಕೊನೆಯಲ್ಲಿ ಆಯ್ಕೆಯಾದವರೇ ಒಂದು ಗೋಲಿನಿಂದ ಗೆದ್ದರು. ಗೆದ್ದ ಉದ್ದಕ್ಕ ಏದುಸಿರು ಬಿಡುತ್ತ ಸಾಸಿವೆಯ ಹೆಗಲಿಗೆ ಕೈ ಹಾಕಿ, "ನಿನ್ನ ಕಾಲಿಂದ ಒಂದು ಸಲಾನೂ ಕಿತ್ಕೊಳ್ಳೋಕೆ ಆಗ್ಲಿಲ್ಲ ಕಣೇ" ಎಂದಳು.

ದೊಡ್ಡ ಕೋಚ್ ಹತ್ತು ನಿಮಿಷವೂ ಕೈ ಕಟ್ಟಿ ನಿಂತು ನೋಡಿದ್ದರು. ಮಕ್ಕಳೆಲ್ಲ ನೀರಿನ ಕಡೆ ಓಡಿದ ಮೇಲೆ ಸೀಟಿಯ ಹತ್ತಿರ ಬಂದರು.

"ಆಟ ಚೆನ್ನಾಗಿತ್ತು," ಎಂದರು. "ನಾಳೆಯಿಂದ ನೀನು ಬರಬೇಡ."

ಮನೆಗೆ ಹೋಗುವ ದಾರಿಯಲ್ಲಿ ಅಕ್ಕ ಒಂದು ಬೀದಿಯುದ್ದಕ್ಕೂ ತಮ್ಮನನ್ನು ಬೈದಳು. ಇನ್ನೊಂದು ಬೀದಿಯುದ್ದಕ್ಕೂ ದೊಡ್ಡ ಕೋಚ್‌ರನ್ನು ಬೈದಳು. ಮೂರನೆಯ ಬೀದಿಗೆ ಬಂದಾಗ ಬೈಗುಳ ತೀರಿತ್ತು. "ಆ ಗೋಲು ಹೊಡೆದ ಹುಡುಗಿ ಯಾರ ಮಗಳೋ? ತುಂಬಾ ತೆಳ್ಳಗಿದ್ದಾಳೆ. ನಾಳೆ ಮನೆಗೆ ಕರ್ಕೊಂಡು ಬಾ, ಏನಾದ್ರೂ ತಿನ್ನಿಸೋಣ," ಎಂದಳು.

ಆಮೇಲೆ ಸೀಟಿಗೆ ಒಂದು ವ್ಯಾಯಾಮಶಾಲೆಯಲ್ಲಿ ಬೆಳಗಿನ ಕೆಲಸ ಸಿಕ್ಕಿತು. ಹೊಟ್ಟೆ ಬಂದ ಗಂಡಸರನ್ನು ಬಗ್ಗಿಸಿ ಎಬ್ಬಿಸುವುದು. ಸಂಜೆ ಬ್ರೆಡ್ಡಿನ ಕಾರ್ಖಾನೆಯ ಹಿಂದೆ, ಹಿಟ್ಟಿನ ಲಾರಿಗಳು ತಿರುಗುವ ಜಾಗದಲ್ಲಿ ಎಂಟು ಹುಡುಗಿಯರು. ಕೆಲವು ವಾರಗಳಲ್ಲಿ ಹದಿನಾಲ್ಕು. ಹುಲ್ಲಿಲ್ಲ, ಜಲ್ಲಿಯಿತ್ತು. ಬಿದ್ದರೆ ಮೊಣಕಾಲಿನ ಚರ್ಮ ಕಿತ್ತು ಬರುತ್ತಿತ್ತು. ಅಕ್ಕ ಕೆಲಸ ಮುಗಿಸಿ ಬರುವಾಗ ಬ್ರೆಡ್ಡಿನ ಚೀಲ ತಂದು ಕಲ್ಲಿನ ಮೇಲೆ ಕೂರುತ್ತಿದ್ದಳು. ಆಟದ ನಿಯಮ ಒಂದೂ ತಿಳಿಯದೆ ಎಲ್ಲರಿಗೂ ಸಲಹೆ ಕೊಡುತ್ತಿದ್ದಳು.

ಒಂದು ಸಂಜೆ ಸೀಟಿ ಸುಣ್ಣದಲ್ಲಿ ಎರಡು ಗೆರೆ ಎಳೆದ. ಹುಡುಗಿಯರು ಅದನ್ನು ಕಂಡದ್ದೇ ಗೊಣಗಿದರು.

"ಮತ್ತೆ ಅದೇ ಪೀಡೆ!" ಎಂದಳು ಸಾಸಿವೆ. "ಇಲ್ಲೂ ಅಳೀತೀಯಾ?"

"ಅಳೀತೀನಿ. ಕಳಿಸೋಕಲ್ಲ, ಕಲಿಸೋಕೆ. ಯಾರ ದಮ್ಮು ಎಷ್ಟಿದೆ ಅಂತ ಗೊತ್ತಿಲ್ದೆ ನಿಮಗೆ ಏನು ಕಸರತ್ತು ಕೊಡ್ಲಿ? ನೀನು ಹಿಂದಿನ ಸಲದ ನಿನ್ನನ್ನ ಮಾತ್ರ ಸೋಲಿಸಬೇಕು. ಪಕ್ಕದವಳನ್ನಲ್ಲ."

ಅವಳು ಓಡಿದಳು. ಕೊನೆಯಿಂದ ಮೂರನೆಯವಳಾದಳು. ಸೊಂಟಕ್ಕೆ ಕೈಯಿಟ್ಟು ಏದುಸಿರು ಬಿಡುತ್ತ, "ಎಷ್ಟು ಬಂತು? ಗಟ್ಟಿಯಾಗಿ ಹೇಳು. ಎಲ್ಲರಿಗೂ ಕೇಳಿಸ್ಲಿ," ಎಂದಳು. ಅವನು ಗಟ್ಟಿಯಾಗಿ ಹೇಳಿದ. ಯಾರೂ ನಗಲಿಲ್ಲ, ಪೋಸ್ಟ್‌ಮ್ಯಾನ್ ಮಗಳು ಚಪ್ಪಾಳೆ ಹೊಡೆದಳು.

ಫೋನು ಬಂದದ್ದು ಅದಾದ ಮುಂದಿನ ರಜದ ದಿನ, ಎಲ್ಲರೂ ಮಧ್ಯಾಹ್ನದ ಊಟಕ್ಕೆ ಕೂತಾಗ. ಅಕ್ಕ ಎತ್ತಿಕೊಂಡಳು. ಸ್ವಲ್ಪ ಹೊತ್ತು ಕೇಳಿ, ಫೋನಿನ ಬಾಯಿಗೆ ಕೈ ಅಡ್ಡ ಇಟ್ಟು, "ದೊಡ್ಡ ಕೋಚ್!" ಎಂದು ಪಿಸುಗುಟ್ಟಿದಳು. "ಸಾಸಿವೇನ ವಾಪಸ್ ಕರೀತಿದ್ದಾರೆ. ಅವತ್ತಿನ ಆಟ ಮರೆಯೋಕೆ ಆಗ್ತಿಲ್ವಂತೆ. ಅವಳೊಬ್ಬಳಿಗೆ ವಿನಾಯಿತಿ. ಪರೀಕ್ಷೆ ಇಲ್ಲ, ಏನಿಲ್ಲ. ಬಸ್ಸು, ಬೂಟು ಎಲ್ಲ ಅವರದ್ದೇ."

ಯಾರ ಕೈಯೂ ಬಾಯಿಗೆ ಹೋಗಲಿಲ್ಲ.

"ಹೋಗು," ಎಂದ ಸೀಟಿ. ಮನಸ್ಸಿನಿಂದಲೇ ಅಂದ. "ಅಲ್ಲಿ ಹುಲ್ಲಿದೆ. ದೊಡ್ಡ ತಂಡಗಳ ಜೊತೆ ಆಡ್ತೀಯ. ನನ್ನ ಮುಖ ನೋಡಬೇಡ."

"ನಿನ್ನ ಮುಖ ಯಾರು ನೋಡ್ತಿದ್ದಾರೆ?" ಎಂದಳು ಸಾಸಿವೆ. "ಅಮ್ಮ, ಎಡಗಾಲೀನ ಕರೆದ್ರಾ? ಪೋಸ್ಟ್‌ಮ್ಯಾನ್ ಮಗಳನ್ನ?"

"ನಿನ್ನೊಬ್ಬಳನ್ನೇ."

"ಮಿತಿ ತೆಗೆದ್ರಾ?"

ಅಕ್ಕ ಫೋನಿನಲ್ಲಿ ಕೇಳಿದಳು. ಉತ್ತರ ಕೇಳಿ ತಲೆ ಅಡ್ಡಡ್ಡ ಆಡಿಸಿದಳು. ಮಗಳ ಮುಖ ನೋಡಿದಳು, ತಮ್ಮನ ಮುಖ ನೋಡಿದಳು. ಅವಳ ಕಣ್ಣಲ್ಲಿ ಹೊಸ ಬೂಟೂ ಇತ್ತು, ಬಸ್ಸೂ ಇತ್ತು. ಅದು ಎಲ್ಲರಿಗೂ ಕಾಣಿಸುತ್ತಿತ್ತು.

"ವಿನಾಯಿತಿ ನನಗೆ ಬೇಡ," ಎಂದಳು ಸಾಸಿವೆ, ಬ್ರೆಡ್ಡು ಮುರಿಯುತ್ತ. "ಇವತ್ತು ಕೊಟ್ಟೋರು ನಾಳೆ ಕಿತ್ಕೊಳ್ತಾರೆ. ಅಷ್ಟು ಆಟ ನೋಡೋ ಆಸೆ ಇದ್ರೆ ಅವರ ತಂಡ ಕರ್ಕೊಂಡು ನಮ್ಮ ಜಾಗಕ್ಕೆ ಬರೋಕೆ ಹೇಳು."

ಭಾವ ಕೆಮ್ಮಲೂ ಇಲ್ಲ. ಅಜ್ಜಿ ಕಣ್ಣು ಮುಚ್ಚಿ ಅಗಿಯುತ್ತಿದ್ದಳು. ಅಕ್ಕ ದೀರ್ಘವಾಗಿ ಉಸಿರೆಳೆದು, ಸೆರಗು ಸರಿಮಾಡಿಕೊಂಡು, ಫೋನನ್ನು ಕಿವಿಗಿಟ್ಟಳು.

"ಸರ್, ಕೇಳಿಸ್ಕೊಳ್ಳಿ. ನಮ್ಮ ಹುಡುಗಿ ಬರಲ್ಲ, ನೀವೇ ಬನ್ನಿ. ಬ್ರೆಡ್ಡಿನ ಕಾರ್ಖಾನೆ ಹಿಂದಗಡೆ, ಭಾನುವಾರ ಬೆಳಿಗ್ಗೆ. ಲಾರಿ ಇರಲ್ಲ. ಹಾಂ, ಇನ್ನೊಂದು ವಿಷಯ. ಬರುವಾಗ ಚೆಂಡು ನೀವೇ ತನ್ನಿ, ನಮ್ಮದರಲ್ಲಿ ಗಾಳಿ ನಿಲ್ತಿಲ್ಲ."